ಪೆಟ್ರೋಲನ್ನು ಗುಂಡಿಯಲ್ಲೇ ತುಂಬತಕ್ಕದ್ದು

ನಮ್ಮ ಮನೆಯವರು ಸಿ ಗ್ರೂಪಿನವರು. ಹೆಸರು ಪುಂಡಲೀಕಪ್ಪ, ಮುಂಡರಗಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಯಾವ ಕಚೇರಿ ಎಂದು ನಾನು ಬರೆಯುವುದಿಲ್ಲ, ಅವರಿಗೆ ಇನ್ನೂ ನಾಲ್ಕು ವರ್ಷ ನೌಕರಿ ಇದೆ. ಸರಕಾರ ತನ್ನ ನೌಕರರನ್ನು ನಾಲ್ಕು ಗುಂಪು ಮಾಡಿ ಇಟ್ಟಿದೆಯಷ್ಟೆ: ಹುಕುಂ ಮಾಡುವವರು ಎ, ಆ ಹುಕುಮನ್ನು ಕೆಳಗೆ ದಾಟಿಸುವವರು ಬಿ, ಅದನ್ನು ಬರೆಯುವವರು ಸಿ, ಬರೆದದ್ದನ್ನು ಹೊತ್ತುಕೊಂಡು ಹೋಗುವವರು ಡಿ. "ನಾವು ಬರೀಲಿಲ್ಲಂದ್ರ ಮ್ಯಾಲಿನವರಿಗೆ ಬಾಯಿಲ್ಲ, ಕೆಳಗಿನವರಿಗೆ ಕೆಲಸಿಲ್ಲ" ಎಂದು ಅವರು ದಿನಕ್ಕೊಮ್ಮೆಯಾದರೂ ಹೇಳದೆ ರೊಟ್ಟಿ ಮುರಿದವರಲ್ಲ.

ನಾನೂ ಸಿ ಗ್ರೂಪೇ. ಮುಂಡರಗಿಯ ಸರಕಾರಿ ದವಾಖಾನೆಯಲ್ಲಿ ನರ್ಸಬಾಯಿ. ಆದರೆ ಈ ಸಂಗತಿ ಹದಿನಾರು ವರ್ಷದ ಸಂಸಾರದಲ್ಲಿ ಅವರಿಗೆ ಒಮ್ಮೆಯೂ ಹೊಳೆದದ್ದಿಲ್ಲ. ಮನೆಯಲ್ಲಿ ಇಬ್ಬರಿದ್ದರೂ ಗ್ರೂಪು ಒಬ್ಬರಿಗೇ ಇತ್ತು.

ಎಂಬತ್ನಾಲ್ಕನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಒಂದೇ ವಾರದಲ್ಲಿ ನಮ್ಮ ಮನೆಗೆ ಎರಡು ಕಾಗದ ಬಂದವು. ಮೊದಲನೆಯದು ನನ್ನ ವರ್ಗಾವಣೆ. ಹಿರೇವಡ್ಡಟ್ಟಿಯ ಆರೋಗ್ಯ ಉಪಕೇಂದ್ರ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಏಪ್ರಿಲ್‌ನ ಮೊದಲ ಸೋಮವಾರದೊಳಗೆ ಅಲ್ಲಿ ಹಾಜರಾಗಬೇಕೆಂದು ಧಾರವಾಡದಿಂದ ಆದೇಶವಾಗಿತ್ತು.

ನಮ್ಮವರು ಅದನ್ನು ಎರಡು ಸಲ ಓದಿದರು.

"ಹಿರೇವಡ್ಡಟ್ಟಿಗೆ ಮೊದಲನೇ ಬಸ್ಸು ಹತ್ತೂವರಿಗೆ. ಡ್ಯೂಟಿ ಎಂಟಕ್ಕ. ಎಂಟಕ್ಕ ಅಲ್ಲಿರಬೇಕಂದ್ರ ಹಿಂದಿನ ದಿನದ ಬಸ್ಸಿಗೇ ಹೋಗಬೇಕು. ಹಿಂದಿನ ದಿನಾನ ಹೋದ್ರ ಹಿಂದಿನ ದಿನದ ಅಡಗಿ ಯಾರು ಮಾಡಬೇಕು?"

"ಗಾಡಿ ಐತಲ್ರಿ" ಎಂದೆ.

"ಯಾವ ಗಾಡಿ?"

ಮನೆಯಲ್ಲಿದ್ದದ್ದು ಒಂದೇ ಗಾಡಿ, ಕೆಂಪು ಬಣ್ಣದ ಮೊಪೆಡ್. ಪಡಸಾಲೆಯಲ್ಲಿ ಕೌದಿ ಹೊದ್ದು ನಿಂತಿರುತ್ತಿತ್ತು. ದಿನಾ ಓಡಿಸಿದರೆ ಸವೆಯುತ್ತದೆ ಎಂದು ನಮ್ಮವರು ಕಚೇರಿಗೆ ನಡೆದೇ ಹೋಗುತ್ತಿದ್ದರು.

"ಹೆಣ್ಣಮಕ್ಕಳು ಗಾಡಿ ಹೊಡೀಬೇಕಂತ ಯಾವ ರೂಲಿನ್ಯಾಗ ಐತಿ?"

"ಹೊಡೀಬಾರದಂತ ಯಾವ ರೂಲಿನ್ಯಾಗ ಐತ್ರಿ?"

ಕಚೇರಿಯಲ್ಲಿ ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಪೆನ್ನು ತೆಗೆದು ನನ್ನ ಹೆಸರಿನಲ್ಲಿ ಮೂರು ತಿಂಗಳ ರಜೆ ಅರ್ಜಿ ಬರೆದರು. ಅಕ್ಷರ ಮುತ್ತಿನಂತಿದ್ದವು. "ಇದಕ್ಕ ಸಹಿ ಮಾಡು. ಅಷ್ಟರಾಗ ಧಾರವಾಡಕ್ಕ ಹೋಗಿ ವರ್ಗಾ ರದ್ದ ಮಾಡಿಸ್ಕೊಂಡ ಬರ್ತೀನಿ."

ರೊಟ್ಟಿ ಮಾಡಿ ಸಹಿ ಮಾಡುತ್ತೇನೆ ಎಂದೆ. ರೊಟ್ಟಿಯಾದ ಮೇಲೆ ಪಾತ್ರೆ ತೊಳೆದು ಎಂದೆ. ಮರುದಿನ ಬಟ್ಟೆ ಒಗೆದು ಎಂದೆ. ಒಮ್ಮೆ ರಜೆ ಹಾಕಿ ಒಳಗೆ ಕೂತ ಹೆಂಗಸನ್ನು ಹೊರಗೆ ಕರೆಯಲು ಮತ್ತೆ ಯಾವ ಆದೇಶವೂ ಬರುವುದಿಲ್ಲ. ಅದನ್ನು ನಮ್ಮ ದವಾಖಾನೆಯಲ್ಲೇ ಇಬ್ಬರ ವಿಷಯದಲ್ಲಿ ಕಣ್ಣಾರೆ ಕಂಡಿದ್ದೆ. ಹಿರೇವಡ್ಡಟ್ಟಿಗೆ ನಾನು ಹೋಗುವವಳೇ ಇದ್ದೆ. ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಅಷ್ಟರಲ್ಲಿ ಎರಡನೆಯ ಕಾಗದ ಬಂತು. ಬೆಟಗೇರಿಯಲ್ಲಿ ರಟ್ಟು ಕಟ್ಟಿಸಿ ತಂದ ಕಚೇರಿಯ ಒಂದು ರಿಜಿಸ್ಟರಿನ ಒಳಮೈಗೆ, ಕಟ್ಟುವವನು ಯಾವುದೋ ಹೊರದೇಶದ ಮೋಟಾರು ಪತ್ರಿಕೆಯ ಹಾಳೆಗಳನ್ನು ಅಂಟಿಸಿದ್ದ. ಅಂಟು ಹಸಿಯಿತ್ತು. ನಮ್ಮವರು ಅವನ್ನು ನಾಜೂಕಾಗಿ ಬಿಡಿಸಿ ಮನೆಗೆ ತಂದರು. ನೆಲಕ್ಕೆ ಅಂಟಿಕೊಂಡಂಥ ಚಪ್ಪಟೆ ಮೋಟಾರುಗಳ ಚಿತ್ರ, ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಗ್ರೂಪ್ ಸಿ'.

"ನೋಡಿಲ್ಲಿ! ಹೊರದೇಶದಾಗ ಸಿ ಗ್ರೂಪಿನವರಿಗೆ ಮೋಟಾರ್ ಓಟ ಇಡ್ತಾರ! ಇಪ್ಪತ್ನಾಕು ತಾಸಿನ ಓಟ! ನಮ್ಮನ್ನ ಇಲ್ಲಿ ಒಂದು ಕಪ್ ಚಾಕ್ಕ ಕೇಳವರಿಲ್ಲ."

"ಅದು ಮೋಟಾರಿನ ಗ್ರೂಪ ಇರಬೇಕಲ್ರಿ?"

"ಮೋಟಾರಿಗೆ ಯಾರರ ಗ್ರೂಪ ಕೊಡ್ತಾರೇನು? ಮೋಟಾರ್ ಏನ ಪಗಾರ ತಗೋತೈತಿ?"

ಈ ತರ್ಕದ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ಅಂದು ಸಂಜೆಯೇ ನಮ್ಮವರು ನಿಘಂಟು ತೆರೆದು ನಿಯಮಗಳನ್ನು ಕನ್ನಡಕ್ಕೆ ಇಳಿಸತೊಡಗಿದರು. ಆ ಓಟಕ್ಕೆ ನಿಘಂಟಿನಲ್ಲಿ 'ಸಹನೆ' ಎಂಬ ಶಬ್ದ ಸಿಕ್ಕಿತು. ಸಹನೆಯ ಓಟ. ಹಾಗಾದರೆ ಅದು ನನಗೆ ಹೊಸದೇನಲ್ಲ ಎಂದುಕೊಂಡು ನಾನು ಕಾಳು ಆರಿಸುತ್ತ ಕೂತೆ. ಗಾಡಿಗೆ ಎರಡು ಆಸನ ಇರಬೇಕು. ಚಾಲಕರು ಇಬ್ಬರಿರಬೇಕು. ಪೆಟ್ರೋಲು ಇಂತಿಷ್ಟೇ, ಅದರಲ್ಲೇ ಊರು ಮುಟ್ಟಬೇಕು. ಇವೆಲ್ಲ ಸಲೀಸಾಗಿ ಇಳಿದವು. ತೊಡಕಾದದ್ದು ಎರಡು ಕಡೆ.

ಒಂದು, ತೂಕ. ಗಾಡಿ ಎಂಟು ನೂರು ಕಿಲೋಕ್ಕೆ ಕಡಿಮೆ ಇರಬಾರದು ಎಂದಿತ್ತು.

"ಎಂಟು ಕ್ವಿಂಟಲ್ ಅಂದ್ರ ಹತ್ತಿ ಹೇರಿದ ಚಕ್ಕಡಿ ಆತಲ್ಲ" ಎಂದು ಗಲ್ಲಕ್ಕೆ ಕೈಯಿಟ್ಟರು. ಆಮೇಲೆ ತಾವೇ ದಾರಿ ಕಂಡುಕೊಂಡರು. "ಅವರದು ನಾಕು ಗಾಲಿ. ನಮ್ಮವು ಎರಡು ಗಾಲಿ. ಅರ್ಧ ತಗದ್ರ ನಾಕು ನೂರು. ನಾಕು ನೂರು ಹೇರಿದ್ರ ಮೊಪೆಡ್ ನೆಲಾ ಹಿಡೀತೈತಿ. ಅಂದಮ್ಯಾಲ ಒಂದು ಸೊನ್ನಿ ಅಚ್ಚಿನ ತಪ್ಪು. ನಲವತ್ತು ಕಿಲೋ!" ಮೊಪೆಡ್ ಹೆಚ್ಚುಕಡಿಮೆ ಅಷ್ಟೇ ತೂಗುತ್ತಿತ್ತು. ಹೊರದೇಶದವರ ತಪ್ಪನ್ನು ತಿದ್ದಿದ ಸಂತೋಷದಲ್ಲಿ ಅವತ್ತು ಒಂದು ರೊಟ್ಟಿ ಜಾಸ್ತಿ ಉಂಡರು.

ಇನ್ನೊಂದು, 'ಪಿಟ್'. ಪೆಟ್ರೋಲು ತುಂಬುವುದೂ ಚಾಲಕರು ಬದಲಾಗುವುದೂ ಅಲ್ಲೇ ಆಗಬೇಕೆಂದಿತ್ತು. ನಿಘಂಟಿನಲ್ಲಿ ಪಿಟ್ ಎಂದರೆ ಗುಂಡಿ. ನಮ್ಮವರು ಎರಡನೇ ವಿಚಾರ ಮಾಡಲಿಲ್ಲ. 'ಪೆಟ್ರೋಲನ್ನು ಗುಂಡಿಯಲ್ಲೇ ತುಂಬತಕ್ಕದ್ದು. ಚಾಲಕರು ಗುಂಡಿಯಲ್ಲೇ ಬದಲಾಗತಕ್ಕದ್ದು' ಎಂದು ಬರೆದು ಕೆಳಗೆ ಗೆರೆ ಎಳೆದರು.

ಮರುದಿನ ಅದು ಟೈಪಾಗಿ, 'ಸಿ ಗ್ರೂಪ್ ನೌಕರರ ಸಹನಾ ಓಟ: ತಾಂತ್ರಿಕ ನಿಯಮಾವಳಿ' ಎಂಬ ಹೆಸರಿನಲ್ಲಿ ಸಾಹೇಬರ ಮೇಜಿನ ಮೇಲೆ ನಲವತ್ತು ಕಾಗದಗಳ ನಡುವೆ ಕೂತಿತು. ಸಾಹೇಬರು ನಲವತ್ತಕ್ಕೂ 'ಅವಶ್ಯಕ ಕ್ರಮಕ್ಕಾಗಿ' ಎಂದು ಬರೆದು ಸಹಿ ಮಾಡಿದರು. ಸಹಿ ಬಿದ್ದ ಮೇಲೆ ಅದು ನಮ್ಮವರ ಹುಚ್ಚಾಗಿ ಉಳಿಯಲಿಲ್ಲ, ಸುತ್ತೋಲೆಯಾಯಿತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ, ಮತ್ತೆ ಡಂಬಳದ ಮೇಲಿಂದ ಮುಂಡರಗಿ ಎಂದು ಓಟದ ದಾರಿ ಗೊತ್ತಾಯಿತು. ಏಪ್ರಿಲ್ ಒಂದು, ಭಾನುವಾರ. ಮರುದಿನವೇ ನನ್ನ ಸೋಮವಾರ.

ಸುತ್ತೋಲೆ ಗೋಡೆಗೆ ಅಂಟಿದ ಒಂದು ತಾಸಿನೊಳಗೆ ಕಚೇರಿಯ ಜವಾನ ಬೀರಲಿಂಗಪ್ಪ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ.

"ಪುಂಡಲೀಕಪ್ಪಾರ, ಡಿ ಗ್ರೂಪಿನವರು ಮನಷ್ಯಾರಲ್ಲೇನ್ರಿ?"

"ಹಂಗಂತ ಯಾರಂದ್ರೋ?"

"ನಿಮ್ಮ ರೂಲ ಅಂತೈತ್ರಿ. ಸಹನಾ ಓಟ ಸಿ ಗ್ರೂಪಿಗೆ. ಸಹನಾ ಇರೂದು ನಮಗ! ಬೆಲ್ ಹೊಡದ್ರ ಓಡಿ ಬರಾಂವ ನಾ. ಓಟ ನಂದಽ ಐತಿ, ಸಹನಾನೂ ನಂದಽ ಐತಿ, ಮತ್ತ ಹೆಸರು ನಿಮದ್ಯಾಕ?"

ಸಂಜೆಗೆ ಹನ್ನೊಂದು ಮಂದಿ ಜವಾನರ ಸಹಿಯಿದ್ದ ಮನವಿ ಬಂತು. ನಮ್ಮವರು ಗಾಬರಿಯಾದರು. ಹಾಳೆಗಳನ್ನು ಮತ್ತೆ ತಿರುವಿ ಹಾಕಿ, ಓಟದ ಮೊದಲೂ ಕೊನೆಗೂ ಗಾಡಿಗಳನ್ನು ಸೂಕ್ಷ್ಮವಾಗಿ ಪರಿಶೀಲಿಸುವ ಒಬ್ಬ ಅಧಿಕಾರಿ ಇರುತ್ತಾನೆಂದೂ ಅವನ ಮಾತೇ ಕೊನೆಯ ಮಾತೆಂದೂ ಪತ್ತೆ ಮಾಡಿದರು. ಅವನ ಗ್ರೂಪು ಯಾವುದೆಂದು ಎಲ್ಲೂ ಬರೆದಿರಲಿಲ್ಲ. ಹೀಗೆ ಬೀರಲಿಂಗಪ್ಪ ಸೂಕ್ಷ್ಮ ಪರಿಶೀಲನಾಧಿಕಾರಿಯಾದ. ಮರುದಿನವೇ ಒಂದು ರಬ್ಬರ್ ಶಿಕ್ಕೆ ಮಾಡಿಸಿಕೊಂಡ. ಅಂದಿನಿಂದ ಮುಂಡರಗಿಯಲ್ಲಿ ಯಾರ ಗಾಡಿಯೂ ಅವನ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಹಾಲಿನವನ ಸೈಕಲ್ಲಿಗೂ ಎರಡನೇ ಆಸನ ಕೇಳಿದನಂತೆ.

ಇತ್ತ ಮನೆಯಲ್ಲಿ ನಮ್ಮವರಿಗೆ ಬೇರೊಂದು ಚಿಂತೆ ಹತ್ತಿತ್ತು. ಗಾಡಿ ಹೊರಗೆ ಹೋಗದಿದ್ದರೂ ಟಾಕಿಯಲ್ಲಿ ಪೆಟ್ರೋಲು ಕಡಿಮೆಯಾಗುತ್ತಿತ್ತು.

"ಆರತೈತಿ" ಎಂದರು. "ಬಿಸಲಿಗೆ ಆವಿಯಾಗಿ ಹೊಂಟೈತಿ. ನಿನ್ನೆ ಎರಡು ಬಟ್ಟು ಇತ್ತು, ಇವತ್ತು ಒಂದು ಬಟ್ಟು."

"ಈ ಸಲ ಬಿಸಲು ಭಾಳ ಐತ್ರಿ" ಎಂದೆ.

ಗಾಡಿಯ ಮೇಲೆ ಇನ್ನೊಂದು ಕೌದಿ ಬಿತ್ತು. ಹೈಸ್ಕೂಲಿನ ವಿಜ್ಞಾನದ ಮಾಸ್ತರರನ್ನು ಕರೆತಂದು ತೋರಿಸಿದ್ದೂ ಆಯಿತು. ಅವರು ಪಡಸಾಲೆಯ ಹೆಂಚು ನೋಡಿ, ಟಾಕಿಯ ಮುಚ್ಚಳ ನೋಡಿ, ಎರಡು ಕಪ್ ಚಹಾ ಕುಡಿದು, ಹೀಗೂ ಆಗಬಹುದು ಎಂದು ಹೇಳಿ ಹೋದರು. ನಿಯಮಾವಳಿಗೆ ಒಂದು ತಿದ್ದುಪಡಿ ಬಂತು: 'ಆವಿಯಾಗುವ ಪೆಟ್ರೋಲಿಗೆ ಪ್ರತಿ ಗಾಡಿಗೆ ಅರ್ಧ ಪಾವು ಹೆಚ್ಚುವರಿ.'

ಭಾನುವಾರ ಬೆಳಿಗ್ಗೆ ಆರಕ್ಕೆ ಮುಂಡರಗಿ ಬಸ್‌ಸ್ಟ್ಯಾಂಡಿನ ಮುಂದೆ ಜಾತ್ರೆಯಂತೆ ಮಂದಿ. ನಾಲ್ಕು ಊರಿಂದ ನಾಲ್ಕು ಮೊಪೆಡ್ಡು, ಅಂದರೆ ಎಂಟು ಗುಮಾಸ್ತರು. ಹತ್ತಿ ಅಂಗಡಿಯ ತಕ್ಕಡಿಯಲ್ಲಿ ಗಾಡಿಗಳು ತೂಗಿಸಿಕೊಂಡವು. ಬೀರಲಿಂಗಪ್ಪ ಒಂದೊಂದಕ್ಕೂ ಶಿಕ್ಕೆ ಒತ್ತಿದ. ನಮ್ಮವರ ಜೊತೆಯ ಚಾಲಕ ಅದೇ ಕಚೇರಿಯ ಚನ್ನಬಸವಣ್ಣ. ಅವರು ಮಾತ್ರ ಇನ್ನೂ ಬಂದಿರಲಿಲ್ಲ. ಕೊನೆಗೆ ಬಂದರು, ನಡೆದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು.

"ಪುಂಡಲೀಕ, ಏನ ಹೇಳ್ಲೋ... ನಿನ್ನೆ ಸಂಜಿ ಆದೇಶ ಬಂತು. ಪ್ರಮೋಶನ್ನು. ನಾ ಬಿ ಗ್ರೂಪಾಗಿಬಿಟ್ಟೆ."

ಯಾರಿಗೋ ಸಾವಿನ ಸುದ್ದಿ ತಂದವರಂತೆ ಚನ್ನಬಸವಣ್ಣ ತಲೆ ತಗ್ಗಿಸಿ ನಿಂತಿದ್ದರು. ನಮ್ಮವರು ಬೆನ್ನ ಮೇಲೆ ಕೈಯಿಟ್ಟು, "ಇರ್ಲಿ, ನಿನ್ನ ತಪ್ಪಲ್ಲ" ಎಂದರು. ಆಮೇಲೆ ಬೀರಲಿಂಗಪ್ಪನ ಕಡೆ ತಿರುಗಿ, "ಇವತ್ತೊಂದಿನ ನಡಸಪಾ, ಆದೇಶ ಇನ್ನೂ ಕೈಯಾಗಽ ಐತಿ, ಹುದ್ದೆ ತಗೊಂಡಿಲ್ಲ."

"ಬರೂದಿಲ್ರಿ. ಇಬ್ಬರೂ ಸಿ ಗ್ರೂಪ್ ಇರಬೇಕು, ನಿಮ್ಮ ಕೈಯಾಗಿಂದಽ ರೂಲು. ಸಿ ಗ್ರೂಪಿನವರು ಇನ್ನ್ಯಾರರ ಅದಾರೇನು ನೋಡ್ರಿ, ಇಲ್ಲಂದ್ರ ಗಾಡಿ ಬದಿಗೆ ಹಚ್ಚರಿ."

"ಈ ಹೊತ್ತಿನ್ಯಾಗ ಸಿ ಗ್ರೂಪಿನವರು ಎಲ್ಲಿ ಸಿಗ್ತಾರ?"

ನಾನು ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದೆ. "ನಾನದೀನಲ್ರಿ."

ನಮ್ಮವರು ನನ್ನನ್ನು ನೋಡಿದ ರೀತಿ ಹೇಳಲಾರೆ. ಮನೆಯಲ್ಲಿ ಹದಿನಾರು ವರ್ಷದಿಂದ ಇದ್ದ ಕಂಬ ಒಮ್ಮೆಲೆ ಪಗಾರದ ಚೀಟಿ ತೋರಿಸಿದರೆ ಹಾಗೆ ನೋಡಬಹುದು.

"ನರ್ಸಬಾಯಾರು ಸಿ ಗ್ರೂಪ್ ಖರೆ" ಎಂದ ಬೀರಲಿಂಗಪ್ಪ. "ರೂಲಿನ್ಯಾಗ 'ನೌಕರರು' ಅಂತ ಐತಿ. ಗಂಡಸ ನೌಕರರು ಅಂತಿಲ್ಲ."

"ಆದ್ರ ಆಕಿಗೆ ಗಾಡಿ ಹೊಡ್ಯಾಕ ಬರೂದಿಲ್ಲಲೇ!"

ಆಗ ಮಂದಿಯ ನಡುವಿಂದ ನಗು ಕೇಳಿಸಿತು. ನಮ್ಮ ಪಕ್ಕದ ಮನೆಯ ಮಾಸುಮಬಿ, ತಲೆಯ ಮೇಲೆ ಬಳೆಯ ಬುಟ್ಟಿ. "ಬರೂದಿಲ್ಲಂತ! ಅಣ್ಣಾರ, ಹದಿನೈದು ದಿನಾ ಆತು, ನೀವು ಕಚೇರಿಗೆ ಹ್ವಾದ ಮ್ಯಾಲ ನಾ ದಿನಾ ಶಾರದಕ್ಕನ ಹಿಂದ ಕುಂತು ಬಳಿ ಮಾರಾಕ ಹೊಂಟೀನಿ. ಪ್ಯಾಟಿ ಪೂರ್ತಿ ತಿರಗೀವಿ, ಒಂದಽ ಒಂದು ಬಳಿ ಒಡದಿಲ್ಲ!"

"ದಿನಾ..?" ಎಂದರು ನಮ್ಮವರು. ಪೆಟ್ರೋಲಿನ ಟಾಕಿ ನೋಡಿದರು. ನನ್ನ ಮುಖ ನೋಡಿದರು. ದೂರದಲ್ಲಿ ನಿಂತಿದ್ದ ವಿಜ್ಞಾನದ ಮಾಸ್ತರರು ಮೆಲ್ಲಗೆ ಮಂದಿಯಲ್ಲಿ ಮರೆಯಾದರು.

"ಆಮ್ಯಾಲ ಬೈರಿ" ಎಂದೆ. "ಈಗ ಏರ್ರಿ. ಮೂರು ಗಾಡಿ ಹೊಂಟ ನಿಂತಾವು."

ನಾಲ್ಕು ಊರ ಮಂದಿಯ ಮುಂದೆ ಸ್ಪರ್ಧೆಯಿಂದ ಹೊರಬೀಳುವುದು, ಇಲ್ಲವೇ ಹೆಂಡತಿಯನ್ನು ಹಿಂದೆ ಕೂರಿಸಿಕೊಳ್ಳುವುದು. ಅವರು ಹತ್ತಿದರು. "ಗುಂಡಿ ತನಕ ನಾನಽ ಹೊಡೀತೀನಿ. ಆಮ್ಯಾಲಿಂದೂ ನಾನಽ ಹೊಡೀತೀನಿ. ನೀ ಹೆಸರಿಗಷ್ಟ" ಎಂದು ಕಿವಿಯಲ್ಲಿ ಹೇಳಿದರು.

ಅವರು ಗಾಡಿ ಹೊಡೆಯುವ ಬಗೆ ಹೇಳುವಂತಿಲ್ಲ. ಪೆಟ್ರೋಲು ಉಳಿಸಬೇಕೆಂದು ಇಳಿಜಾರಿನಲ್ಲೆಲ್ಲ ಎಂಜಿನ್ನು ಬಂದ್ ಮಾಡಿದರು. ಶಿರಹಟ್ಟಿಯ ಹತ್ತಿರ ಒಂದು ಎಮ್ಮೆ ನಮ್ಮನ್ನು ದಾಟಿ ಮುಂದೆ ಹೋಯಿತು. ಆದರೆ ಅವರ ಲೆಕ್ಕ ತಪ್ಪಿರಲಿಲ್ಲ. ಜೋರಾಗಿ ಹೋದ ಶಿರಹಟ್ಟಿಯ ಗಾಡಿ ಲಕ್ಷ್ಮೇಶ್ವರದ ಆಚೆ ಒಣಗಿ ನಿಂತಿತ್ತು. ಅದರ ಇಬ್ಬರು ಗುಮಾಸ್ತರು ಜಾಲಿಯ ನೆರಳಿನಲ್ಲಿ ಕೂತು, ಆವಿಯ ಅರ್ಧ ಪಾವನ್ನು ಯಾರು ಚೆಲ್ಲಿದರೆಂದು ಜಗಳಾಡುತ್ತಿದ್ದರು.

ಗದಗಿನಲ್ಲಿ ನೌಕರರ ಸಂಘದವರು ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ್ದರು. ಬಯಲಿನಲ್ಲಿ ಎದೆಮಟ್ಟದ ಗುಂಡಿ, ಚೌಕಾಗಿ, ಅಂಚಿಗೆ ಸುಣ್ಣ ಬಳಿದು. ಒಳಗೆ ಒಬ್ಬ ಪೆಟ್ರೋಲಿನ ಡಬ್ಬಿ ಹಿಡಿದು ಮೇಲೆ ನೋಡುತ್ತ ನಿಂತಿದ್ದ. ದಂಡೆಯ ಮೇಲೆ ಮೊದಲ ಬಸ್ಸಿಗೆ ಬಂದಿಳಿದ ಬೀರಲಿಂಗಪ್ಪ, ಕೈಯಲ್ಲಿ ಶಿಕ್ಕೆ.

"ಅಲ್ಲೋ, ಇಳಿಯೂದು ಹ್ಯಾಂಗ?" ಎಂದು ನಮ್ಮವರು ಕೇಳಿದರು.

"ರೂಲಿನ್ಯಾಗ ಬರದಿಲ್ರಿ. ತುಂಬೂದಷ್ಟ ಬರದೀರಿ."

"ಡಬ್ಬಿ ಮ್ಯಾಲ ಕೊಡ್ಲಿ, ಇಲ್ಲೇ ತುಂಬ್ಕೋತೀವಿ."

"ಪೆಟ್ರೋಲನ್ನು ಗುಂಡಿಯಲ್ಲೇ ತುಂಬತಕ್ಕದ್ದು" ಎಂದು ಬೀರಲಿಂಗಪ್ಪ ಗಂಟಲು ಸರಿ ಮಾಡಿಕೊಂಡು ಓದಿದ. "ಕೆಳಗ ಗೆರಿ ಬ್ಯಾರೆ ಎಳದೀರಿ."

ತಾನೇ ಬರೆದದ್ದನ್ನು ತಾನೇ ಮುರಿಯುವ ಗುಮಾಸ್ತ ಇನ್ನೂ ಹುಟ್ಟಿಲ್ಲ. ನಮ್ಮವರು ನನ್ನನ್ನು ಇಳಿಸಿ, ಹಲ್ಲು ಕಚ್ಚಿ ಗಾಡಿಯನ್ನು ಮುಂದಕ್ಕೆ ಬಿಟ್ಟರು. ಅದು ನೆಟ್ಟಗೆ ಹೋಯಿತು, ಡಬ್ಬಿಯವನು ಕಿರುಚಿದ, ಧೂಳೆದ್ದಿತು. ಧೂಳು ಇಳಿದಾಗ ಗಾಡಿ ಒಳಗೆ ನಿಂತಿತ್ತು, ಇವರು ಅದರ ಪಕ್ಕದಲ್ಲಿ ಕೂತಿದ್ದರು. ಅಷ್ಟರಲ್ಲಿ ನಮ್ಮ ಹಿಂದಿದ್ದ ಲಕ್ಷ್ಮೇಶ್ವರದ ಅಬ್ದುಲಗನಿ ಹೀಗೇ ಇಳಿಯಬೇಕು ಕಾಣುತ್ತದೆ ಎಂದು ತಿಳಿದು, ಹಿಂದೆ ಕೂತವನ ಸಮೇತ ತನ್ನ ಗಾಡಿಯನ್ನೂ ಒಳಗೆ ಬಿಟ್ಟ.

ಅಲ್ಲೇ ಪೆಟ್ರೋಲು ತುಂಬಿದ ಮೇಲೆ ನಾಲ್ವರು ಹಮಾಲರು ಎರಡು ಗಾಡಿ, ನಾಲ್ವರು ಮನುಷ್ಯರು ಮತ್ತು ಒಂದು ಡಬ್ಬಿಯನ್ನು ಮೇಲೆತ್ತಿದರು. ನಮ್ಮ ಗಾಡಿಗೆ ಏನೂ ಆಗಿರಲಿಲ್ಲ. ನಮ್ಮವರ ಬಲಗಾಲು ಉಳುಕಿ ಬಾತಿತ್ತು. ಪೆಡಲು ತುಳಿದು ಗಾಡಿ ಚಾಲೂ ಮಾಡಲು ಆ ಕಾಲೇ ಬೇಕು.

"ಚಾಲಕ ಬದಲಿ. ಗುಂಡಿ ದಂಡಿನೂ ಗುಂಡಿನಽ" ಎಂದು ಬೀರಲಿಂಗಪ್ಪ ನನ್ನ ಅಂಗೈಗೆ ಶಿಕ್ಕೆ ಒತ್ತಿದ. "ಬಾಯಾರ, ಹತ್ತರಿ."

ನಾನು ಹತ್ತಿದೆ. ಅವರು ಹಿಂದೆ ಕೂತರು.

ಗದಗ ದಾಟಿದ ಮೇಲೆ ರಸ್ತೆ ನೆಟ್ಟಗಿದೆ. ಎರಡೂ ಕಡೆ ಕರಿ ಹೊಲ, ಮುಖಕ್ಕೆ ಬಿಸಿಗಾಳಿ. ಮಾಸುಮಬಿಯ ಬುಟ್ಟಿಗಿಂತ ನಮ್ಮವರು ಭಾರ, ಬುಟ್ಟಿಗಿಂತ ಗದ್ದಲವೂ ಹೆಚ್ಚು. "ಸಾವಕಾಶ... ಲಾರಿ ಬಂತು... ಹಾರ್ನ್ ಹೊಡಿ... ಹಾರ್ನ್ ಯಾಕ ಹೊಡದಿ?" ಸ್ವಲ್ಪ ಹೊತ್ತಿನ ಮೇಲೆ ದನಿ ನಿಂತಿತು. ಅಂಜಿ ನನ್ನ ಹೆಗಲು ಹಿಡಿದಿದ್ದ ಕೈ ಸಡಿಲಾಯಿತು. "ಮೂರು ಗಾಡಿ ಹಿಂದ ಅದಾವು" ಎಂದರು. "ಹಿಂಗಽ ಹ್ವಾದ್ರ ಒಂದನೇ ನಂಬರ ನಮ್ಮದು."

ಡಂಬಳ ದಾಟಿದ ಮೇಲೆ ಹಿರೇವಡ್ಡಟ್ಟಿಗೆ ಹೋಗುವ ದಾರಿ ಒಡೆಯುತ್ತದೆ. ಅಲ್ಲಿ ಒಬ್ಬ ಮುದುಕ ಸೈಕಲ್ಲು ಅಡ್ಡ ಹಿಡಿದು ರಸ್ತೆಯ ನಡುವೆ ನಿಂತಿದ್ದ. ನಾನು ಬ್ರೇಕು ಹಿಡಿದೆ.

"ಬಾಯಾರ! ಮುಂಡರಗಿ ದವಾಖಾನಿ ಬಾಯಾರು ಹೌದಲ್ರಿ? ನಾ ಫಕ್ರುಸಾಬ ರೀ, ಹಿರೇವಡ್ಡಟ್ಟಿಯಂವ. ಮಗಳು ಲಾಲಬಿಗೆ ನಸುಕಿನಿಂದ ಬ್ಯಾನಿ. ಸೂಲಗಿತ್ತಿ ತನ್ನ ಕೈಲಿ ಆಗೂದಿಲ್ಲ ಅಂತ ಕುಂತಾಳ. ಗಾಡಿ ಹುಡುಕ್ಯಾಡಾಕ ಬಂದಿನ್ರಿ, ಒಂದೂ ಸಿಗವಲ್ದು."

ನಾನು ಹ್ಯಾಂಡಲು ತಿರುಗಿಸಿದೆ.

"ಏ! ಏ! ರೂಟ್ ತಪ್ಪಿತು!" ಎಂದರು ನಮ್ಮವರು. "ರೂಟ್ ಬಿಟ್ರ ಅನರ್ಹ! ನಿಯಮ ಹನ್ನೊಂದು!"

"ಇಳೀತೀರೇನ್ರಿ?"

ಅವರು ತಮ್ಮ ಬಾತ ಕಾಲು ನೋಡಿಕೊಂಡರು, ಬಿಸಿಲು ನೋಡಿದರು. ಇಳಿಯಲಿಲ್ಲ.

ಹಿರೇವಡ್ಡಟ್ಟಿಯ ಉಪಕೇಂದ್ರಕ್ಕೆ ಕೀಲಿ ಹಾಕಿತ್ತು. ಕತ್ತರಿ, ದಾರ, ಇಂಜೆಕ್ಷನ್ನು, ನನಗೆ ಬೇಕಾದುದೆಲ್ಲ ಒಳಗಿನ ಪೆಟ್ಟಿಗೆಯಲ್ಲಿ. ಕೀಲಿಕೈ ಇದ್ದದ್ದು ಪಂಚಾಯತಿಯ ಹಿರಿಯ ಅಂದಪ್ಪನವರ ಸೊಂಟದಲ್ಲಿ.

"ಕೊಡ್ತೀನ್ರಿ ಬಾಯಾರ, ಯಾಕ ಕೊಡೂದಿಲ್ಲ?" ಎಂದರು ಅಂದಪ್ಪ. "ಆದ್ರ ಹೊಸಾ ಬಾಯಾರು ಹಾಜರಾದ ವರದಿ ಕೊಟ್ಟ ಮ್ಯಾಲಽ ಕೀಲಿ ಕೊಡಬೇಕಂತ ಮ್ಯಾಲಿನವರು ಹೇಳ್ಯಾರ. ಹ್ವಾದ ಸಲ ಯಾರಿಗೋ ಕೊಟ್ಟು ನಾ ಬೈಸ್ಕೊಂಡೀನಿ."

"ಅಲ್ಲಿ ಹೆಣ್ಣಮಗಳು ಒದ್ದಾಡಾಕ ಹತ್ಯಾಳ್ರಿ!" ಎಂದು ನಾನು ಕೂಗಿದೆ. ಫಕ್ರುಸಾಬ ಅಂದಪ್ಪನವರ ಕಾಲಿಗೆ ಬಗ್ಗಿದ.

ಆಗ ನಮ್ಮವರು ಕುಂಟುತ್ತ ಮುಂದೆ ಬಂದರು. ಅವರ ಮುಖದಲ್ಲಿ ಕಚೇರಿಯ ಕಳೆ ಬಂದಿತ್ತು. "ಅಂದಪ್ಪನವರು ಹೇಳೂದು ಬರೋಬ್ಬರಿ ಐತಿ. ಹಾಜರಾಗದಽ ಸರಕಾರಿ ಪೆಟಗಿ ಮುಟ್ಟೂದು ರೂಲಿಗೆ ವಿರುದ್ಧ. ಒಂದು ಹಾಳಿ ಕೊಡ್ರಿ."

ಕಟ್ಟೆಯ ಮೇಲೆ ಕೂತು, ಉಳುಕಿದ ಕಾಲು ಮುಂದೆ ಚಾಚಿ, ತೊಡೆಯ ಮೇಲೆ ಹಾಳೆಯಿಟ್ಟು ಬರೆದರು. ಹದಿನಾರು ವರ್ಷದಲ್ಲಿ ಅವರು ಅಷ್ಟು ಜಲ್ದಿ ಬರೆದದ್ದನ್ನು ನಾನು ನೋಡಿಲ್ಲ. ವಿಷಯ, ಉಲ್ಲೇಖ, ಧಾರವಾಡದ ಆದೇಶದ ನಂಬರು ತಾರೀಖು ಸಮೇತ ಬಾಯಿಪಾಠ! 'ಸದರಿ ಆದೇಶದಂತೆ ನಾನು ಈ ದಿವಸ ಮುಂಜಾನೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹಿರೇವಡ್ಡಟ್ಟಿ ಉಪಕೇಂದ್ರದಲ್ಲಿ ಕರ್ತವ್ಯಕ್ಕೆ ಹಾಜರಾಗಿರುತ್ತೇನೆ.' ಪೆನ್ನು ನನ್ನ ಕೈಗೆ ಕೊಟ್ಟರು. "ಸಹಿ ಮಾಡು. ಜಲ್ದಿ!"

ನಾನು ರೊಟ್ಟಿಯ ನೆಪ ಹೇಳಲಿಲ್ಲ. ಸಹಿ ಮಾಡಿ, ಕೀಲಿ ಕಸಿದುಕೊಂಡು ಓಡಿದೆ.

ಮಗು ಅಡ್ಡ ಬಂದಿತ್ತು. ಸೂಲಗಿತ್ತಿ ಮುದುಕಿ ಒಂದು ಕಡೆ, ನಾನು ಒಂದು ಕಡೆ. ಲಾಲಬಿಗೆ ಹತ್ತೊಂಬತ್ತೂ ಇರಲಿಕ್ಕಿಲ್ಲ. ನನ್ನ ಮುಂಗೈ ಹಿಡಿದವಳು ಬಿಡಲಿಲ್ಲ, ಶಿಕ್ಕೆಯ ಮಸಿ ಅವಳ ಕೈಗೂ ಹತ್ತಿತು. ಗೋಡೆಯ ಆಚೆ ಗಂಡಸರ ಮಾತು ಕಿಂಡಿಯಿಂದ ಕೇಳಿಸುತ್ತಿತ್ತು.

"ನೀವು ಯಾರ್ರಿ? ಬಾಯಾರನ್ನ ಕರಕೊಂಡ ಬಂದವರೇನು?" ಯಾರೋ ಕೇಳಿದರು.

ನಮ್ಮವರ ದನಿ, ಸಣ್ಣಗೆ: "ಇಲ್ರಿ. ಬಾಯಾರು ನನ್ನ ಕರಕೊಂಡ ಬಂದಾರ."

ಒಂದು ಗಂಟೆಯ ಸುಮಾರಿಗೆ ಹೆಣ್ಣು ಕೂಸು ಅತ್ತಿತು. ತಾಯಿಯೂ ಉಳಿದಳು. ನಾನು ಕೈ ತೊಳೆದು ಹೊರಗೆ ಬಂದಾಗ ಫಕ್ರುಸಾಬ ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಮೊಪೆಡ್ಡಿಗೂ ಮುಗಿಯುತ್ತಿದ್ದ. ನಮ್ಮವರು ಕಟ್ಟೆಯ ಮೇಲೆ ಕೂತು, ಅಂದಪ್ಪನವರು ತಂದಿಟ್ಟ ಮಜ್ಜಿಗೆಯನ್ನು ಮುಟ್ಟದೆ, ವರದಿಯ ಎರಡನೇ ಪ್ರತಿಯನ್ನು ಓದುತ್ತಿದ್ದರು. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು. ತಾವು ಏನು ಬರೆದಿದ್ದೇವೆ ಎಂಬುದು ಅವರಿಗೆ ಆಗ ತಿಳಿಯಿತೆಂದು ಕಾಣುತ್ತದೆ. ನನ್ನನ್ನು ನೋಡಿದರು. ನಾನೂ ನೋಡಿದೆ. ಮನೆಯಲ್ಲಿದ್ದ ರಜೆ ಅರ್ಜಿ ಇನ್ನು ನಡೆಯುವಂತಿರಲಿಲ್ಲ.

ಅಷ್ಟರಲ್ಲಿ ಓಣಿಯ ಹೆಂಗಸರು ನಾಲ್ಕೈದು ಮಂದಿ ನನ್ನನ್ನು ಸುತ್ತುವರಿದರು. ಒಬ್ಬಳ ಕೂಸಿಗೆ ಜ್ವರ, ಇನ್ನೊಬ್ಬಳಿಗೆ ಏಳು ತಿಂಗಳು. "ಬಾಯಾರ, ನಾಳೆ ಬರ್ತೀರ್ರಿ? ಎಷ್ಟಕ್ಕ ಬರ್ತೀರಿ? ಹಿಂದಿನ ಬಾಯಾರು ಬಸ್ಸಿಗೆ ಬರತಿದ್ರು. ಹನ್ನೊಂದಾದ್ರೂ ಬಾಗಲಾ ತಗೀತಿದ್ದಿಲ್ಲ."

ನಾನು ಉತ್ತರ ಹೇಳುವ ಮೊದಲೇ ನಮ್ಮವರು ಕಟ್ಟೆಯಿಂದ ಸಿಟ್ಟಿಗೆದ್ದು ಕೂಗಿದರು.

"ಹನ್ನೊಂದಂದ್ರ ಏನು! ಎಂಟಕ್ಕ ಬರ್ತಾಳ! ಹಾಜರಾದ ಮ್ಯಾಲ ಎಂಟಂದ್ರ ಎಂಟು, ರೂಲ್ ಐತಿ!"